ತಣ್ಣನೆ ಪೈಪು, ಕೆಂಪು ದೀಪ

ಕೆಂಪು ದೀಪ ಮತ್ತೆ ಹತ್ತಿತು, ಕೀಲಿ ಅರ್ಧ ತಿರುಗಿಸಿದ್ದಷ್ಟೇ, ಇಂಜಿನ್ ಇನ್ನೂ ಕೆಮ್ಮಿಲ್ಲ, ಆಗಲೇ ಹೊಗೆ ಪೈಪು ಕಾದು ಕೆಂಡವಾಗಿದೆ ಎನ್ನುವ ದೀಪ — ಸುಳ್ಳು ಹೇಳಬೇಡ ಮಗನೇ, ದೌಲಪ್ಪ ಕಾರಿನ ಕೆಳಗೆ ತೂರಿ ಪೈಪಿನ ಮೇಲೆ ಅಂಗೈ ಇಟ್ಟ, ರಾತ್ರಿಯೆಲ್ಲ ಗ್ಯಾರೇಜಿನ ಅಂಗಳದಲ್ಲಿ ನಿಂತ ಕಬ್ಬಿಣ, ಕೊಡದ ನೀರಿನಷ್ಟು ತಣ್ಣಗೆ. ಇಂಜಿನ್ನಿನ ಟರ್ಬೋನೇ ಬಿಚ್ಚಬೇಕು, ಭಾಳ ರೊಕ್ಕ ಹತ್ತತದ ಅಂದಾರ ಶೋರೂಮಿನವರು, ದೌಲಪ್ಪಣ್ಣ, ನೀಲಕಂಠ ಮಾಸ್ತರರು ನಿನ್ನೆ ಸಂಜೆ ಅಳುಮೋರೆ ಮಾಡಿಕೊಂಡು ಬಂದಿದ್ದರು, ಕಲಬುರಗಿ ಜೇವರ್ಗಿ ಕಾಲೋನಿಯಿಂದ ನಿಮ್ಮ ಕಮಲಾಪುರ ಮುಟ್ಟೋದ್ರಾಗ ಎತ್ತಿನ ಗಾಡಿ ನನ್ನ ಹಿಂದ ಹಾಕಿ ಹೋಯ್ತು ನೋಡ್ರಿ. ಬಿಚ್ಚೋದು ಇದ್ದೇ ಇದೆ, ಮೊದಲು ಸುದ್ದಿ ಹೇಳುವವನು ಖರೆ ಹೇಳುತ್ತಾನೋ ಇಲ್ಲವೋ ನೋಡಬೇಕು, ಪೈಪಿನ ಕಾವನ್ನು ಕಾರಿನ ಕಂಪ್ಯೂಟರಿಗೆ ಮುಟ್ಟಿಸುವುದು ಬೆರಳುದ್ದದ ಈ ಸೆನ್ಸರ್, ಇದು ಹೆದರಿಸಿದರೆ ಕಾರು ಪಾಪ ತಾನಾಗಿಯೇ ನಿಧಾನವಾಗುತ್ತದೆ — ಪಾನಾ ಹಾಕಿ ತಿರುಗಿಸಿದ, ತುಕ್ಕು ಉದುರಿ ಕಣ್ಣಿಗೆ ಬಿತ್ತು, ಹಿಂದಿನ ಮನೆಯೊಳಗಿನಿಂದ ರೊಟ್ಟಿ ಬಡಿಯುವ ಸದ್ದು, ಟಪ್ ಟಪ್ ಟಪ್, ಹೆಂಡತಿ ರೇವಮ್ಮನ ಕೈ, ಆ ಕೈಯ ಗುಳ್ಳೆ, ರಾತ್ರಿ ಬಡಿಸುವಾಗ ಕಂಡದ್ದು, ತೋರುಬೆರಳ ತುದಿಯಲ್ಲಿ ಬಟಾಣಿ ಕಾಳಿನಷ್ಟು, ಇದೇನು ಎಂದು ಕೇಳಿದರೆ ಯಾವಾಗ ಸುಟ್ಟಿತೋ ಯಾರಿಗೆ ಗೊತ್ರಿ, ನೋವಿಲ್ಲ ಏನಿಲ್ಲ, ಸುಮ್ಮನ ಉಣ್ರಿ.

ಮೂವತ್ತು ವರ್ಷದಿಂದ ಹಂಚು ಕಾದಿದೆಯೇ ಎಂದು ಬೆರಳಿನಿಂದಲೇ ಕೇಳುವವಳು, ಮೊದಲ ರೊಟ್ಟಿಗೆ ಮುಂಚೆ ತಾಗಿಸಿದ ಹಾಗೆ ಮಾಡಿ ಚಟಕ್ಕನೆ ಎಳೆದುಕೊಂಡು ಕಿವಿ ಹಿಡಿದುಕೊಳ್ಳುವಳು, ಹೊಸದಾಗಿ ಮದುವೆಯಾದಾಗ ಅದೊಂದನ್ನು ನೋಡುವುದಕ್ಕೇ ಅವನು ಒಲೆಯ ಮುಂದೆ ಕೂರುತ್ತಿದ್ದ, ಏಳ್ರಿ, ನೋಡಿದವರು ನಗ್ತಾರ, ಎನ್ನುತ್ತ ತಾನೇ ನಗುತ್ತಿದ್ದಳು. ಈಗೀಗ ರೊಟ್ಟಿ ಕರಕಾಗುತ್ತವೆ, ಮೊನ್ನೆ ಬೈದುಬಿಟ್ಟ, ನಿನ್ನ ಧ್ಯಾನ ಎಲ್ಲಿ ಅದ, ಅವಳು ಕರಕು ರೊಟ್ಟಿ ತನ್ನ ತಾಟಿಗೆ ಹಾಕಿಕೊಂಡಳು. ಸಕ್ಕರೆ ಕಾಯಿಲೆ ಬಂದು ಐದು ವರ್ಷ, ಗುಳಿಗೆ ನುಂಗುತ್ತಾಳೆ, ಹಿಂದೆಯೇ ಕೆಂಪು ಬಾಳೆಹಣ್ಣೂ ನುಂಗುತ್ತಾಳೆ, ಕಳ್ಳಿ, ಸಿಪ್ಪೆಯನ್ನು ಎಮ್ಮೆಯ ಮುಂದೆ ಒಗೆದರೆ ಗಂಡನಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಾಳೆ. ಬೇಸಿಗೆಯಲ್ಲಿ ಶರಣಬಸಪ್ಪನ ಗುಡಿಗೆ ಹೋದಾಗ ನಡು ಮಧ್ಯಾಹ್ನ, ಹಾಸುಗಲ್ಲು ಕಾದು ಜನವೆಲ್ಲ ಕುಣಿದು ಕುಣಿದು ಓಡಿದರು, ದೌಲಪ್ಪನೂ ಕುಣಿದ, ರೇವಮ್ಮ ಮಾತ್ರ ಪಡಸಾಲೆಯಲ್ಲಿ ನಡೆದಂತೆ ಒಂದೊಂದೇ ಹೆಜ್ಜೆ, ಕೈ ಮುಗಿದುಕೊಂಡು — ಆಗ ಅವನ ಎದೆ ಉಬ್ಬಿತ್ತು, ಊರೆಲ್ಲ ಹೇಳಿಕೊಂಡು ಬಂದ, ನಿನ್ನೆ ಮಾಸ್ತರರಿಗೂ ಹೇಳಿದ, ನಮ್ಮಾಕಿ ಭಕ್ತಿ ಭಾಳ ದೊಡ್ಡದ್ರಿ, ಅಪ್ಪನ ಗುಡಿಯೊಳಗ ಆಕಿ ಕಾಲಿಗಿ ಬಿಸಿ ತಟ್ಟಂಗಿಲ್ಲ.

ಸೆನ್ಸರ್ ಬಿಚ್ಚಿ ಬಂತು, ತುದಿಯಲ್ಲಿ ಮಸಿ, ಮೀಟರಿನ ಎರಡೂ ತಂತಿ ಕಚ್ಚಿಸಿದ, ಒಂದು ಅಂಕಿ ಬಂದು ನಿಂತಿತು, ಇನ್ನು ಕಾಸಿ ನೋಡಬೇಕು, ಕಾದಂತೆ ಅಂಕಿ ಓಡಾಡಿದರೆ ಸೆನ್ಸರಿಗೆ ಜೀವವಿದೆ, ಒಲೆಗಿಂತ ಹತ್ತಿರದ ಬೆಂಕಿ ಯಾವುದು, ಮೀಟರು ಹಿಡಿದು ಅಡುಗೆಮನೆಗೆ ನಡೆದ, ಬಂದ್ರಿ, ನಿಮ್ಮ ಎಣ್ಣಿಗೈ ನನ್ನ ಹಂಚಿಗಿ ಹಚ್ಚಬ್ಯಾಡ್ರಿ, ಇಲ್ಲ ಬಿಡು, ದೂರ ಹಿಡಿತೀನಿ, ಹಂಚಿನ ಕೆಳಗೆ ಉರಿಯಲ್ಲಿ ಸೆನ್ಸರಿನ ತುದಿ, ಅಂಕಿ ಅಲ್ಲೇ, ಎಣಿಸಿದ, ಇಪ್ಪತ್ತು, ಮೂವತ್ತು, ಮಸಿ ಉರಿದು ತುದಿ ಕೆಂಪಗಾಯಿತು, ಅಂಕಿ ಅಲ್ಲೇ, ಸತ್ತಿದೆ, ಕಾಸಿದರೂ ಅಷ್ಟೇ ತಣಿಸಿದರೂ ಅಷ್ಟೇ, ಟರ್ಬೋ ಉಳಿಯಿತು, ಮಾಸ್ತರರ ಮುಖ ಅರಳುತ್ತದೆ — ಹಂಚು ಕಾಯ್ತೇನು, ಸುಮ್ಮನೆ ಕೇಳಿದ, ಖುಷಿಯಲ್ಲಿ, ತಡೀರಿ ನೋಡ್ತೀನಿ, ರೇವಮ್ಮ ಬೆರಳಿಟ್ಟಳು, ಇನ್ನಾ ಕಾದಿಲ್ರಿ; ಅವಳ ಇನ್ನೊಂದು ಕೈಯ ನೀರಿನ ಬಟ್ಟಲಿನಿಂದ ಒಂದು ಹನಿ ತುಳುಕಿ ಹಂಚಿಗೆ ಬಿತ್ತು, ಚುಂಯ್ ಎಂದು ಕುಣಿದು ಆರಿಹೋಯಿತು, ಬೆರಳು ಅಲ್ಲೇ ಇತ್ತು. ಅವಳು ಅವನ ಮುಖ ನೋಡಿ ನಗುತ್ತಿದ್ದಳು, ಬೆರಳು ಅಲ್ಲೇ ಇತ್ತು.

ಕೈ ಕಸಿದು ಎಳೆದದ್ದು, ಕೊಡದಲ್ಲಿ ಅದ್ದಿದ್ದು, ಏನಾಯ್ತ್ರಿ, ಯಾಕ್ರಿ ಅಳಾಕತ್ತೀರಿ, ಮೀಟರು ನೆಲಕ್ಕೆ ಬಿದ್ದ ಸದ್ದು — ಸಕ್ಕರೆಯಿಂದ ಮರಗಟ್ಟಿದ ಕಾಲಿಗೆ ಭಕ್ತಿ ಅಂದೆನಲ್ಲ, ಊರೆಲ್ಲ ಹೇಳಿಕೊಂಡು ಬಂದೆನಲ್ಲ, ಬೈದೆನಲ್ಲ, ಊರವರ ಗಾಡಿಯ ಸುಳ್ಳೆಲ್ಲ ಹಿಡಿಯುವ ಕೈ ಇದು, ಮನೆಯ ಕೈ ಹಿಡಿದು ನೋಡಲಿಲ್ಲ. ಹತ್ತರ ಬಸ್ಸಿಗೆ ಮಾಸ್ತರರು ಬರುತ್ತಾರೆ, ಹೇಳಬೇಕು, ಹೊಸ ಸೆನ್ಸರ್ ಕಲಬುರಗಿಯಲ್ಲಿ ಸಿಗ್ತದ್ರಿ, ಗಾಡಿ ಸಾವಕಾಶ ಹೋಗ್ತದ, ನಾವಿಬ್ಬರೂ ಬರ್ತೀವಿ, ನಿಮ್ಮ ಕಾಲೋನಿಯೊಳಗ ಸಕ್ಕರಿ ಡಾಕ್ಟರ್ ಅದಾರಲ್ರಿ, ಅವರಿಗೆ ತೋರಿಸಬೇಕು, ಕೈ, ಕಾಲು, ಎಲ್ಲ. ಸೀರೆ ಬದಲಿಸು ರೇವಮ್ಮ, ರೊಟ್ಟಿ ಇರಲಿ, ಇರಲಿ ಅಂದೆನಲ್ಲ, ಹನಿ ಕುಣಿಯಿತು, ಆರಿತು, ಕಾದ ಹಂಚಿನ ಮೇಲೆ ಆ ಬೆರಳು, ಈಗ ಎಳೆದುಕೊಳ್ಳುತ್ತಾಳೆ, ಈಗ ಕಿವಿ ಹಿಡಿದುಕೊಳ್ಳುತ್ತಾಳೆ, ಈಗ — ಬೆರಳು ಅಲ್ಲೇ