ಅವ್ರಾಮೋವ್ ಮಾವನ ಮೇಲಿನ ಟೂಲ್‌ಬಾರ್

ರಾತ್ರಿ ಬಹಳ ಹೊತ್ತಾದ ಮೇಲೆ ಕಟ್ಟಡದ ಮುಂಬಾಗಿಲ ಬಳಿ ಟೇಪು ಹರಿದ ಸದ್ದು ಕೇಳಿಸಿತು. ಕರ್ರ್ ಎಂದು, ಆಮೇಲೆ ಅಂಗೈಯಿಂದ ಒತ್ತಿ ಸವರಿದ ಹಾಗೆ. ನಮ್ಮ ಮನೆ ನೆಲಮಹಡಿಯಲ್ಲಿದೆ. ಯಾರು ಬಂದರು, ಯಾರು ಹೋದರು ಎಂದು ತಿಳಿಯದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಆದರೂ ಎದ್ದು ನೋಡಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ಬ್ರೆಡ್ಡು ತರಲು ಹೊರಟರೆ, ಏಳನೇ ಮಹಡಿಯ ಅವ್ರಾಮೋವ್ ಮಾವ ಗಾಜಿನ ಬಾಗಿಲ ಮೇಲೆ ಕಪ್ಪು ಅಂಚಿನ ಹಾಳೆಯೊಳಗಿಂದ ನನ್ನನ್ನೇ ನೋಡುತ್ತಿದ್ದರು. ಮೇಲೆ ಹೆಸರು, ನಡುವೆ ಫೋಟೋ, ಕೆಳಗೆ ಮೂರು ಸಾಲು: "ಇಷ್ಟು ವರ್ಷ ನಮ್ಮೊಂದಿಗಿದ್ದು ಅಗಲಿದಿರಿ. ನಿಮ್ಮನ್ನು ಮರೆಯೆವು. ದುಃಖತಪ್ತ ನೆರೆಹೊರೆಯವರು." ನಮ್ಮ ಪ್ಲೊವ್‌ದಿವ್ ಊರಿನಲ್ಲಿ ಬಾಗಿಲಿಗೆ ಅಂಟಿಸುವ ಈ ಸಾವಿನ ಹಾಳೆಯಿಲ್ಲದೆ ಯಾರೂ ಸಾಯುವುದಿಲ್ಲ.

ಹಾಳೆಯ ಎದುರಿಗೇ, ಕೈಯಲ್ಲಿ ಚೀಲ ಹಿಡಿದು, ಅವ್ರಾಮೋವ್ ಮಾವ ನಿಂತು ಅದನ್ನು ಓದುತ್ತಿದ್ದರು. ಬಿಸಿನೀರಿನ ಬುಗ್ಗೆಗೆಂದು ವೆಲಿಂಗ್ರಾದ್‌ಗೆ ಹೋದವರು ಆಗಷ್ಟೇ ಬಸ್ಸಿಳಿದು ಬಂದಿದ್ದರು.

"ರೋಸಿತ್ಸಾ, ಫೋಟೋ ಚೆನ್ನಾಗಿಲ್ಲ ಅಲ್ವಾ?" ಅಂದರು. ಆಮೇಲೆ ಅವರ ದನಿ ಕುಗ್ಗಿತು. "ಮಧ್ಯಾಹ್ನ ಫಿದಾನ್ಕಾ ಊಟಕ್ಕೆ ಬರ್ತಾಳೆ, ಮಗಳೇ. ಸಂತೆಯಲ್ಲಿ ಚೀಸ್ ಮಾರ್ತಾಳಲ್ಲ, ಅವಳು. ಎಷ್ಟು ವರ್ಷದಿಂದ ಕರೀತಿದ್ದೆ, ಈಗ ಒಪ್ಪಿದ್ದಾಳೆ. ಬಾಗಿಲಲ್ಲೇ ನಾನು ಸತ್ತಿದ್ರೆ ಹೇಗೆ?"

ಕಟ್ಟಡದ ಉಸ್ತುವಾರಿ ಗಿನ್ಕಾ ಚಿಕ್ಕಮ್ಮನದು. ನಾವು ಹೋದಾಗ ಕಾಫಿ ಲೋಟ ಕೆಳಗಿಡದೆಯೇ ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಸತ್ತಿಲ್ವಾ ನೀನು?"

"ಇಲ್ಲ ಗಿನ್ಕಾ."

"ಆ್ಯಪಲ್ಲಿ ನೀನಿಲ್ಲ."

ನಿವಾಸಿಗಳ ಆ ಆ್ಯಪ್ ಮಾಡಿಕೊಟ್ಟವಳು ನಾನು. ಲಿಫ್ಟು, ನೀರು, ದೂರು ಎಂಬ ಗುಂಡಿಗಳು ಮೊದಲು ಹೆಸರುಗಳ ಪಟ್ಟಿಯ ನೆತ್ತಿಯಲ್ಲಿದ್ದವು. ಪಟ್ಟಿ ಸರಿಸಿದರೆ ಅವೂ ಸರಿದು ಮರೆಯಾಗುತ್ತಿದ್ದವು. "ಗುಂಡಿಗಳು ಓಡಿಹೋಗ್ತಾವೆ, ಒಂದು ಕಡೆ ನಿಲ್ಲಿಸೇ" ಎಂದು ಚಿಕ್ಕಮ್ಮ ಪೀಡಿಸಿದ್ದಕ್ಕೆ, ಕಳೆದ ವಾರ ಗುಂಡಿಗಳ ಆ ಸಾಲನ್ನು, ಅಂದರೆ ಟೂಲ್‌ಬಾರನ್ನು, ಪಟ್ಟಿಯಿಂದ ಬಿಡಿಸಿ ಪರದೆಯ ಮೇಲ್ತುದಿಗೆ ಕಚ್ಚಿಸಿದ್ದೆ. ಅದರ ಎತ್ತರದಷ್ಟು ಪಟ್ಟಿಯನ್ನು ಕೆಳಕ್ಕೆ ತಳ್ಳಬೇಕಿತ್ತು. ತಳ್ಳಿರಲಿಲ್ಲ. ಅಕ್ಷರಕ್ರಮದ ಮೊದಲ ಹೆಸರು ಅದರಡಿ ಸಿಕ್ಕಿಕೊಂಡಿತ್ತು.

"ಇಲ್ಲೇ ಇದ್ದಾರೆ, ಚಿಕ್ಕಮ್ಮ" ಎಂದು ಪಟ್ಟಿಯನ್ನು ಬೆರಳಿಂದ ಕೆಳಗೆಳೆದೆ. ಅವ್ರಾಮೋವ್ ಎಂಬ ಹೆಸರು ಇಣುಕಿತು. ಬೆರಳು ತೆಗೆದೆ. ಹೆಸರು ಮತ್ತೆ ಒಳಗೆ ಹೋಯಿತು.

"ಅಂದ್ರೆ ನೀನು ಹಿಡ್ಕೊಂಡಿರೋವರೆಗೆ ಬದುಕಿರ್ತಾನೆ" ಅಂದಳು ಚಿಕ್ಕಮ್ಮ. "ನೀನೇ ತೆಗೆದುಹಾಕಿ, ನಂಗೆ ಹೇಳೋಕೆ ಸಂಕಟಪಡ್ತಿದ್ದೀಯ ಅಂದ್ಕೊಂಡೆ. ಅದಕ್ಕೇ ರಾತ್ರಿ ನಾನೇ ಹಾಳೆ ಅಂಟಿಸ್ದೆ."

"ಈಗಲೇ ಸರಿಮಾಡ್ತೀನಿ. ಎಲ್ಲರ ಫೋನಿಗೆ ಬರೋಕೆ ನಾಳೆಯಾಗುತ್ತೆ, ಅಷ್ಟೆ. ಆ ಹಾಳೆ ಮಾತ್ರ ತೆಗೆದುಬಿಡಿ."

ಚಿಕ್ಕಮ್ಮ ಎದೆಯ ಮೇಲೆ ಶಿಲುಬೆ ಗೀರಿಕೊಂಡಳು. "ಅಂಥ ಹಾಳೇನ ಯಾರಾದ್ರೂ ಕೈಯಾರೆ ಹರೀತಾರಾ? ಮಳೆ ಬಿಸಿಲಿಗೆ ತಾನಾಗೇ ಹೋಗ್ಬೇಕು."

"ನನ್ನದೇ ಅಲ್ವಾ, ನಾನೇ ಹರೀಲಾ?" ಎಂದರು ಮಾವ.

"ನಿಂದು ನೀನೇ ಹರಿದ್ರೆ ನಾಳೆ ನಿಜವಾಗ್ಲೂ ಅಂಟಿಸ್ಬೇಕಾಗುತ್ತೆ!"

ಮಾವ ಕೈ ಜೇಬಿಗಿಳಿಸಿದರು. ನನಗೂ ಹರಿಯುವ ಎದೆಯಿರಲಿಲ್ಲ.

"ಹರಿಯೋದು ಬೇಡ, ಮುಚ್ಚೋಣ" ಎಂದೆ.

ಚಿಕ್ಕಮ್ಮನ ಬಳಿ ಸಿದ್ಧ ಸೂಚನೆಗಳಿದ್ದವು. "ಇಂದು ನೀರಿಲ್ಲ" ಎಂಬುದನ್ನು ಹಾಳೆಯ ಮೇಲಿಟ್ಟು ನೋಡಿದರೆ ಮಾವನ ಮೂಗಿನವರೆಗೂ ಬರಲಿಲ್ಲ. ಹೆಸರು, ಫೋಟೋ ಎರಡನ್ನೂ ನುಂಗುವಷ್ಟು ದೊಡ್ಡದಿದ್ದದ್ದು ಒಂದೇ: "ಲಿಫ್ಟ್ ಕೆಟ್ಟಿದೆ."

ಮಾವನ ಕಿವಿಗಳು ಕೆಂಪಾದವು. ಅವರು ನಿವೃತ್ತ ಲಿಫ್ಟ್ ಮೆಕ್ಯಾನಿಕ್, ಈ ಲಿಫ್ಟನ್ನು ಈಗಲೂ ಅವರೇ ನೋಡಿಕೊಳ್ಳುತ್ತಾರೆ. "ನನ್ನ ಲಿಫ್ಟು ಒಂದು ದಿನವೂ ನಿಂತಿಲ್ಲ! ಫಿದಾನ್ಕಾ ಮುಂದೆ ನಾನು ಹೇಳ್ಕೊಳ್ಳೋಕೆ ಇರೋದೇ ಅದೊಂದು!"

"ನೀನು ಸತ್ತಿರ್ಬೇಕೋ, ಲಿಫ್ಟು ಕೆಟ್ಟಿರ್ಬೇಕೋ? ಬೇಗ ಹೇಳು, ಕಾಫಿ ಆರ್ತಿದೆ" ಅಂದಳು ಚಿಕ್ಕಮ್ಮ.

ಮಾವ ಸೂಚನೆಯನ್ನು ಎತ್ತಿ ನನ್ನ ಕೈಗಿಟ್ಟರು. ನಾನು ಅಂಟಿಸಿದೆ.

ಮಧ್ಯಾಹ್ನ ಕಿಟಕಿಯಿಂದ ಕಣ್ಣು ಕೀಳದೆ ಕಾದೆ. ಫಿದಾನ್ಕಾ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾದ ಬಿಸಿ ತಟ್ಟೆ ಹಿಡಿದು ಬಂದಳು. ಬಾಗಿಲ ಮುಂದೆ ನಿಂತು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಓದಿದಳು. ನಾನು ಓಡಿಹೋಗಿ ತಟ್ಟೆ ಇಸಿದುಕೊಂಡೆ. ಮೆಟ್ಟಿಲು ಹತ್ತುತ್ತಾ, ನಿಂತು ಸುಧಾರಿಸಿಕೊಳ್ಳುತ್ತಾ ಏಳನೇ ಮಹಡಿ ಮುಟ್ಟಿದೆವು. ಮಾವ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಾಗಿಲು ತೆರೆದರು.

"ಸ್ಪಾಸ್" ಎಂದು ಅವರ ಹೆಸರು ಹಿಡಿದು ಕರೆದು ಫಿದಾನ್ಕಾ ಏದುಸಿರು ಬಿಟ್ಟಳು. "ನಿಮ್ಮ ಜನ ಲಿಫ್ಟನ್ನ ಎಷ್ಟು ಹಚ್ಚಿಕೊಂಡಿದ್ದಾರಪ್ಪಾ! 'ನಮ್ಮೊಂದಿಗಿದ್ದು ಅಗಲಿದಿರಿ, ಮರೆಯೆವು' ಅಂತ ಬರೆದಿದ್ದಾರೆ. ಕಪ್ಪು ಅಂಚು ಬೇರೆ! ನಂಗೆ ಅಳುವೇ ಬಂತು."

ಕೆಳಗಿನ ಸಾಲುಗಳು ಉಳಿದುಬಿಟ್ಟಿದ್ದವು. ಮೇಲಿನದನ್ನು ಮುಚ್ಚುವ ಗಡಿಬಿಡಿಯಲ್ಲಿ ನಾನು ನೋಡಿರಲಿಲ್ಲ.

ಫಿದಾನ್ಕಾ ಕಣ್ಣು ಕಿರಿದುಮಾಡಿದಳು. "ಅದ್ಸರಿ, ಒಂದು ದಿನವೂ ನಿಂತಿಲ್ಲ ಅಂತಿದ್ರಲ್ಲ?"

ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಲಿಫ್ಟು ಬೆಣ್ಣೆಯಂತೆ ಜಾರುತ್ತಾ ಎಂಟನೇ ಮಹಡಿಗೆ ಏರಿತು. ಮಾವ ಜೋರಾಗಿ ಕೆಮ್ಮಿದರು. ಅದು ನಿಲ್ಲುವವರೆಗೂ ಕೆಮ್ಮಿದರು.

"ವಯಸ್ಸಾಯ್ತು ಅದಕ್ಕೆ" ಎಂದರು ಆಮೇಲೆ, ನನ್ನ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತಾ. ಲಿಫ್ಟಿನ ಮರ್ಯಾದೆ ಹೋದರೂ ಸರಿ, ಆ ಹಾಳೆ ತಮ್ಮದೆಂದು ಫಿದಾನ್ಕಾಗೆ ಹೇಳುವುದಿಲ್ಲವೆಂದು ಅವರು ತೀರ್ಮಾನಿಸಿದ್ದು ನನಗೆ ಅವರ ಮುಖದಲ್ಲೇ ಕಾಣಿಸಿತು.