ಐವತ್ತೇಳನೇ ಪುಟದ ಚುಕ್ಕಿ

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಹೊಲಿದು ಹೊಸ ರಟ್ಟು ಹಾಕುವುದು ನನ್ನ ಕೆಲಸ. ಇಪ್ಪತ್ತಾರು ವರ್ಷವಾಯಿತು. ಹೊಲಿಯುವ ಮುಂಚೆ ಒಂದೊಂದು ಪುಟವನ್ನೂ ನೋಡಿ, ಓದುಗರು ಪೆನ್ಸಿಲ್‌ನಲ್ಲಿ ಗೀಚಿದ್ದನ್ನು ರಬ್ಬರಿನಿಂದ ಅಳಿಸಬೇಕು. ಅದು ಇಲ್ಲಿಯ ನಿಯಮ. ಜನ ಏನೇನು ಗೀಚುತ್ತಾರೆ ಅಂತೀರಿ! ಫೋನ್ ನಂಬರು, ಲೇಖಕನಿಗೆ ಬೈಗುಳ, ಒಮ್ಮೆ ಮೊಣಕಾಲು ನೋವಿನ ಔಷಧಿ.

ಅದೆಲ್ಲ ಸಹಿಸಿಕೊಳ್ಳಬಹುದು. ನನಗೆ ಮೈಯುರಿಯುತ್ತಿದ್ದದ್ದು ಒಂದು ಚುಕ್ಕಿ ಕಂಡರೆ. ಪುಟಸಂಖ್ಯೆಯ ಕೆಳಗೆ, ಸಾಸಿವೆ ಕಾಳಿನಷ್ಟು, ಪೆನ್ಸಿಲನ್ನು ಒತ್ತಿ ತಿರುವಿ ಇಟ್ಟದ್ದು. ಒಂದು ಕಾದಂಬರಿಯಲ್ಲಿ ನಲವತ್ತೊಂಬತ್ತನೇ ಪುಟ, ಇನ್ನೊಂದರಲ್ಲಿ ಐವತ್ತಮೂರು. ಪುಸ್ತಕಕ್ಕೆ ಒಂದೇ. ಅದನ್ನು ಇಟ್ಟವರಿಗೆ ಚುಕ್ಕಿ ಪಿಶಾಚಿ ಎಂದು ಹೆಸರಿಟ್ಟಿದ್ದೆ.

"ಒಂದು ಚುಕ್ಕಿಗೆ ಇಷ್ಟೊಂದು ರಾದ್ಧಾಂತವಾ? ಅಳಿಸಿಬಿಡಿ, ಮುಗೀತು," ಎನ್ನುತ್ತಿದ್ದರು ಲೈಬ್ರರಿ ಮೇಡಂ.

ಅಳಿಸುತ್ತಿದ್ದೆ.

ನನಗೊಬ್ಬಳು ಅಕ್ಕ ಇದ್ದಳು, ಐದು ವರ್ಷ ದೊಡ್ಡವಳು. ಕಾದಂಬರಿಯ ಹುಚ್ಚು. ಅದರಲ್ಲಿ ಯಾರಾದರೂ ಸಾಯಬೇಕು, ಮನೆಮಂದಿ ಮುನಿಸಿಕೊಳ್ಳಬೇಕು, ಅರ್ಧ ಆಯಸ್ಸು ಕಳೆದ ಮೇಲೆ ಯಾರಿಗಾದರೂ ತಾನು ಬದುಕಿದ್ದು ಯಾಕೆ ಎಂದು ಹೊಳೆಯಬೇಕು. ಅವಳಿಗೆ ಅಂಥವೇ ಬೇಕು. ಒಂಬತ್ತು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ ಮಧ್ಯಾಹ್ನ ನಾನು ಈ ಕೋಣೆಯಲ್ಲಿ ಒಂದು ನಿಘಂಟಿಗೆ ರಟ್ಟು ಅಂಟಿಸುತ್ತಿದ್ದೆ. ಸಂಜೆ ಹೋದರಾಯಿತು ಅಂದುಕೊಂಡಿದ್ದೆ.

"ಸತ್ತ ಪುಸ್ತಕಕ್ಕೆಲ್ಲ ಜೀವ ಕೊಡ್ತಾನೆ, ಹೆತ್ತವಳ ಪಕ್ಕ ಕೂರೋಕೆ ಮಾತ್ರ ಪುರುಸೊತ್ತಿಲ್ಲ ಇವನಿಗೆ," ಎಂದಳು ಅಕ್ಕ, ನೆಂಟರೆಲ್ಲರ ಎದುರು.

ನಾನೂ ಬಾಯಿಗೆ ಬೀಗ ಹಾಕಿಕೊಂಡಿರಲಿಲ್ಲ. "ಕಾದಂಬರಿ ಓದಿ ಓದಿ ನಿನಗೆ ಸಾವೂ ನಾಟಕ ಆಗಿದೆ," ಎಂದೆ.

ಅಲ್ಲಿಗೆ ಮಾತು ನಿಂತಿತು. ಅವಳು ಶನಿವಾರ ಲೈಬ್ರರಿಗೆ ಬರುವುದು ನನಗೆ ಗೊತ್ತಿತ್ತು. ಆ ಹೊತ್ತಿಗೆ ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದೆ. ಬಾಗಿಲಾಚೆ ಅವಳ ಕೆಮ್ಮು ಕೇಳುತ್ತಿತ್ತು. ಬೇಕಾದರೆ ಅವಳೇ ಬಾಗಿಲು ತಟ್ಟಲಿ ಎಂಬ ಜಂಬ ನನಗೆ. ಅವಳು ತಟ್ಟಲಿಲ್ಲ.

ಹೋದ ತಿಂಗಳು ಅಕ್ಕ ಹೃದಯ ನಿಂತು ಸತ್ತಳು. ಐವತ್ತೇಳು ವರ್ಷ. ಹೋಗಿ, ಜನರ ಹಿಂದೆ ನಿಂತು ಬಂದೆ. ಅಳು ಬರಲಿಲ್ಲ.

ಮೊನ್ನೆ ಅಕ್ಕನ ಮಗಳು ಕೋಣೆಗೆ ಬಂದಳು. ಕೈಯಲ್ಲಿ ರಟ್ಟು ಕಿತ್ತ ಕಾದಂಬರಿ.

"ಮಾಮ, ಅಮ್ಮ ಕೊನೇಲಿ ಓದಿದ್ದು. ವಾಪಸ್ ಕೊಡೋಕೆ ಬಂದೆ. ಲೈಬ್ರರಿ ಮೇಡಂ ಇದನ್ನ ನಿಮಗೇ ಕೊಡು ಅಂದ್ರು."

ಅಭ್ಯಾಸಬಲ, ಪುಟ ತಿರುವಿದೆ. ಐವತ್ತೇಳರಲ್ಲಿ ಚುಕ್ಕಿ.

"ಇಲ್ಲಿಗೂ ವಕ್ಕರಿಸ್ತಲ್ಲ ಈ ಪಿಶಾಚಿ!" ಎಂದು ರಬ್ಬರ್ ಎತ್ತಿಕೊಂಡೆ.

"ಅದು ಅಮ್ಮ ಇಟ್ಟಿದ್ದು, ಮಾಮ. ಓದಿ ಮುಗಿಸಿದ ಮೇಲೆ ತನಗೆ ಎಷ್ಟು ವಯಸ್ಸೋ ಆ ಪುಟಕ್ಕೆ ಒಂದು ಚುಕ್ಕಿ. ಯಾವಾಗಲೂ ಹರಿದಿರೋದನ್ನೇ ಹುಡುಕಿ ತರೋಳು. ಒಳ್ಳೇದು ಸಿಗಲ್ವಾ ಅಂತ ನಾನು ಬೈತಿದ್ದೆ. 'ಒಳ್ಳೇದು ತಂದ್ರೆ ಅದು ಅವನ ಟೇಬಲ್ಲಿಗೆ ಹೋಗಲ್ಲ ಕಣೇ' ಅನ್ನೋಳು."

ರಬ್ಬರನ್ನು ಮೇಜಿನ ಮೇಲಿಟ್ಟೆ.

"ಹೊಸ ರಟ್ಟು ಹಾಕಿ ಶೆಲ್ಫಿಗೆ ಬಂದ ಮೇಲೆ ತೆಗೆದು ನೋಡೋಳು. ಚುಕ್ಕಿ ಹೋಗಿದ್ರೆ ಖುಷಿ. 'ನೀಟಾಗಿ ಅಳಿಸಿದಾನೆ. ಕೈ, ಕಣ್ಣು ಎಲ್ಲ ಸರಿಯಾಗಿದೆ, ಅಷ್ಟು ಸಾಕು' ಅನ್ನೋಳು."

ಹುಡುಗಿ ಹೋದ ಮೇಲೆ ಕಾದಂಬರಿಗಳ ಸಾಲಿಗೆ ಹೋದೆ. ನಾನು ರಟ್ಟು ಹಾಕಿದ್ದನ್ನೆಲ್ಲ ಎಳೆದು ನಲವತ್ತೆಂಟರಿಂದ ಐವತ್ತೇಳರವರೆಗೆ ಪುಟ ತಿರುವಿದೆ. ಒಂದು ಚುಕ್ಕಿಯಾದರೂ ತಪ್ಪಿಸಿಕೊಂಡಿರಬಾರದೇ? ಇಲ್ಲ. ಎಲ್ಲವನ್ನೂ ನಾನೇ ಒರೆಸಿಹಾಕಿದ್ದೆ. ಒಂದು ದಿನವಾದರೂ ಕೆಲಸ ಕದ್ದಿದ್ದರೆ ಏನು ಗಂಟು ಹೋಗುತ್ತಿತ್ತು! ಕೆಟ್ಟ ಮೇಲೆ ಬುದ್ಧಿ ಬಂತು. ಶೆಲ್ಫುಗಳ ಸಂದಿಯಲ್ಲಿ ನಿಂತಿದ್ದಾಗ ಕಣ್ಣೀರು ಬಂತು. ತಡೆಯಲಿಲ್ಲ.

ಉಳಿದದ್ದು ಐವತ್ತೇಳರ ಚುಕ್ಕಿಯೊಂದೇ. ಸೋಮವಾರ ಪುಸ್ತಕ ಬೇಕು ಎಂದು ಮೇಡಂ ಚೀಟಿ ಇಟ್ಟಿದ್ದರು. ಇಷ್ಟು ವರ್ಷ ನಾನು ಅಳಿಸಿದರೆ ಸಾಕು, ಅಕ್ಕನಿಗೆ ನಾನು ಚೆನ್ನಾಗಿದ್ದೇನೆಂದು ತಿಳಿಯುತ್ತಿತ್ತು. ಈಗ ತೆಗೆದು ನೋಡುವವರು ಯಾರು? ರಬ್ಬರನ್ನು ಡ್ರಾಯರಿಗೆ ಹಾಕಿದೆ.

ಸಾವಿರಾರು ಕಾದಂಬರಿ ಹೊಲಿದವನು, ಒಂದನ್ನೂ ಪೂರ್ತಿ ಓದಿದವನಲ್ಲ. ಇದನ್ನು ಓದಿದೆ. ಗಂಡ ಸತ್ತ ಹೆಂಗಸೊಬ್ಬಳು ಐವತ್ತರ ವಯಸ್ಸಿನಲ್ಲಿ ಈಜು ಕಲಿಯಲು ಹೋಗುತ್ತಾಳೆ. ಮೂವತ್ತು ಪುಟ ಬರೀ ಮೆಟ್ಟಿಲ ಮೇಲೆ ನಿಂತು ಹೆದರುತ್ತಾಳೆ. ಇಳಿಯೇ ನಮ್ಮವ್ವ, ಎಂದು ನಾನೇ ಕೂಗಿದೆ. ಕೊನೆಗೆ ಇಳಿದಳು. ಇಷ್ಟಕ್ಕೆ ಅಷ್ಟು ಪುಟ ಬೇಕಿತ್ತೇನೇ ಎಂದು ಅಕ್ಕನ ಜೊತೆ ಜಗಳವಾಡಬೇಕೆನಿಸಿತು.

ಪೆನ್ಸಿಲ್ ಚೂಪು ಮಾಡಿ, ನನ್ನ ವಯಸ್ಸಿನ ಪುಟ ಐವತ್ತೆರಡರಲ್ಲಿ ಒಂದು ಚುಕ್ಕಿ ಇಟ್ಟೆ. ಆಮೇಲೆ ಹೊಲಿದೆ.

ಸೋಮವಾರ ಮೇಡಂ ಪುಟ ತಿರುವಿ ನೋಡಿದರು. "ಐವತ್ತೆರಡರಲ್ಲೊಂದು, ಐವತ್ತೇಳರಲ್ಲೊಂದು. ಅಳಿಸಲಿಲ್ವಾ?"

"ಇಲ್ಲ ಮೇಡಂ," ಎಂದೆ. "ಅದು ನಮ್ಮ ಮನೆ ಮಾತು."