ಕೆಳಮನೆಯಿಂದ ತಂದ ದೀಪ

ಬತ್ತಿ ಆರಿದ ಮೇಲೆ ಏಳುವ ಹೊಗೆಗೆ ಒಂದು ವಾಸನೆ ಇದೆ. ಬ್ಲೂಮಾ ವೆಕ್ಸ್ಲರ್ ಚಿಕ್ಕವಳಿದ್ದಾಗ ಅದು ಹಬ್ಬ ಮುಗಿದ ವಾಸನೆ. ಮಾಂಟ್ರಿಯಲ್‌ನ ಹೊಲಿಗೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಅಮ್ಮ ತಟ್ಟೆಗೆ ಚೂರು ದ್ರಾಕ್ಷಾರಸ ಸುರಿದು, ಉರಿಯುವ ಮೇಣದಬತ್ತಿಯ ತಲೆಯನ್ನು ಅದರಲ್ಲಿ ಅದ್ದುತ್ತಿದ್ದಳು. ಚುಂಯ್ ಅನ್ನುತ್ತಿತ್ತು. ಮೇಣ, ಸುಟ್ಟ ನೂಲು, ಮೇಜಿನ ಮೇಲೆ ಉಳಿದ ಜೇನಿನ ಕೇಕು, ಮೂರೂ ಬೆರೆತ ಆ ವಾಸನೆ ಮೂಗಿಗೆ ಬಂತೆಂದರೆ ಹಬ್ಬದ ಫ್ರಾಕು ಬಿಚ್ಚಿಡಬೇಕು, ಬೆಳಗಾದರೆ ಶಾಲೆ ಎಂದು ಅರ್ಥ.

ಅದೇ ವಾಸನೆ ಈಗ ತನ್ನ ಅಡುಗೆಮನೆಯ ಬಾಗಿಲಲ್ಲೇ ಎದುರಾದಾಗ ಬ್ಲೂಮಾ ಕೋಟು ಬಿಚ್ಚುವುದನ್ನೂ ಮರೆತು ನಿಂತಳು. ಯಹೂದಿಗಳ ಹೊಸ ವರ್ಷದ ಹಬ್ಬ ಎರಡು ದಿನದ್ದು. ಮುಗಿದದ್ದು ಒಂದೇ ದಿನ. ಎರಡನೆಯ ದಿನ ಈಗಷ್ಟೇ, ಕಿಟಕಿಯಾಚೆ ಮೂರು ನಕ್ಷತ್ರ ಕಂಡ ಗಳಿಗೆಯಲ್ಲಿ ಶುರುವಾಗಿತ್ತು. ಈ ಮನೆಯಲ್ಲಿ ಯಾವುದೂ ಆರುವ ಹೊತ್ತಲ್ಲ ಇದು.

ಒಲೆಯ ಪಕ್ಕದ ಗಾಜಿನ ಲೋಟದಲ್ಲಿ ನಿನ್ನೆ ಸಂಜೆ ಅವಳೇ ಹಚ್ಚಿಟ್ಟ ದೀಪವಿತ್ತು. ಹಬ್ಬದ ದಿನ ಅಡುಗೆ ಮಾಡಬಹುದು, ಆದರೆ ಹೊಸದಾಗಿ ಬೆಂಕಿ ಹುಟ್ಟಿಸುವಂತಿಲ್ಲ. ಕಡ್ಡಿ ಗೀರುವಂತಿಲ್ಲ. ಉರಿಯುತ್ತಿರುವ ಬೆಂಕಿಯಿಂದ ಬೆಂಕಿ ಹಚ್ಚಿಕೊಳ್ಳಬೇಕು. ಅದಕ್ಕೆಂದೇ ಎರಡು ದಿನ ಉರಿಯುವ ದೀಪ ಅಂಗಡಿಯಲ್ಲಿ ಸಿಗುತ್ತದೆ. ಬ್ಲೂಮಾ ಆರಿದ ಲೋಟವನ್ನೆತ್ತಿ ತಳದ ಚೀಟಿಯನ್ನು ಕಣ್ಣಿಗೆ ಹಿಡಿದಳು. ಒಂದು ದಿನದ್ದು. ಸತ್ತವರ ನೆನಪಿಗೆ ವರ್ಷಕ್ಕೊಮ್ಮೆ ಹಚ್ಚುವ ದೀಪ. ಅದೇ ಗಾತ್ರ, ಅದೇ ಗಾಜು. ಗಡಿಬಿಡಿಯಲ್ಲಿ ಪಕ್ಕದ ಸಾಲಿಗೆ ಕೈಹಾಕಿದ್ದಳು.

ಗಾಜು ಇನ್ನೂ ಬಿಸಿಯಾಗಿತ್ತು.

ಸಂಜೆಯೆಲ್ಲ ಪಾರ್ಕಿನ ಕೊಳದ ಬಳಿ ಇದ್ದಳು. ಜೇಬಿನ ಬ್ರೆಡ್ಡಿನ ಪುಡಿಯನ್ನು ನೀರಿಗೆ ಕೊಡವಿ ಹಳೆಯ ವರ್ಷದ ತಪ್ಪುಗಳನ್ನು ತೇಲಿಬಿಡುವ ಪದ್ಧತಿ. ಬಾತುಕೋಳಿಗಳು ಆ ತಪ್ಪುಗಳಿಗಾಗಿ ಕಚ್ಚಾಡುತ್ತಿದ್ದುದನ್ನು ನೋಡುತ್ತ ತುಸು ಹೆಚ್ಚೇ ನಿಂತುಬಿಟ್ಟಿದ್ದಳು. ಗಂಡ ಲೇಬ್ ಅಲ್ಲಿಂದ ಸೀದಾ ಪ್ರಾರ್ಥನಾಮಂದಿರಕ್ಕೆ ಹೋಗಿದ್ದ. ಪ್ರಾರ್ಥನೆ ಮುಗಿಸಿಕೊಂಡು ಅತಿಥಿಗಳನ್ನು ಜೊತೆಗೇ ಕರೆತರುತ್ತಾನೆ.

ಅವಳಿಗೆ ಚಿಂತೆ ಆ ಅತಿಥಿಗಳದೇ.

ಮಂದಿರದ ಹಿಂದಿನ ಬೆಂಚುಗಳು ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತಿದ್ದವು. ಹಬ್ಬಕ್ಕೆ ಮುಂಚೆ ಹೆಂಗಸರ ಸಭೆಯಲ್ಲಿ ಬ್ಲೂಮಾ ಎದ್ದು ನಿಂತು, "ಈ ಸಲ ಪ್ರತಿ ಮನೆಯವರೂ ತಮಗೆ ಗೊತ್ತಿಲ್ಲದ ಒಬ್ಬರನ್ನಾದ್ರೂ ಊಟಕ್ಕೆ ಕರೀಬೇಕು" ಎಂದಿದ್ದಳು. ಗೆಳತಿ ಶೇಂಡಿ ಕೂತಲ್ಲಿಂದಲೇ, "ನೀನು ಯಾರನ್ನ ಕರೀತೀಯೇ? ನಿಂಗೆ ಗೊತ್ತಿಲ್ಲದೋರು ಈ ಬೀದೀಲಿ ಇನ್ನೂ ಹುಟ್ಟಬೇಕು" ಎಂದು ಎಲ್ಲರನ್ನೂ ನಗಿಸಿದ್ದಳು. ಬ್ಲೂಮಾ ಹುಡುಕಿದ್ದು ಹಿಂದಿನ ಬೆಂಚಿನ ತಿರ್ಜಾ ಮತ್ತು ಅವಳ ಗಂಡನನ್ನು. ಬೊಗೊಟಾದಿಂದ ಬಂದವರು.

"ಬಂದು ಒಂದು ವರ್ಷ ಆಯ್ತು ನಮಗೆ. ಟೊರಾಂಟೊಗೆ ಹೋಗಿಬಿಡೋಣ ಅಂತಿದೀವಿ" ಎಂದಿದ್ದಳು ತಿರ್ಜಾ, ದೂರುವ ದನಿಯಲ್ಲಲ್ಲ, ಹವೆಯ ವಿಷಯ ಹೇಳುವ ಹಾಗೆ. "ಇಲ್ಲಿ ಎಲ್ಲರೂ ಒಳ್ಳೆಯವರೇ. ಚೆನ್ನಾಗಿದೀರಾ ಅಂತ ಕೇಳ್ತಾರೆ. ಆದ್ರೆ ಇನ್ನೂ ಒಬ್ಬರ ಮನೆ ಒಳಗಡೆ ಹೇಗಿದೆ ಅಂತ ನೋಡಿಲ್ಲ."

ಆ ಮಾತು ಬ್ಲೂಮಾಳನ್ನು ವಾರವೆಲ್ಲ ಕಾಡಿತ್ತು. ಅವರು ಮೊದಲ ಸಲ ನೋಡುವ ಮನೆ ಇದು. ಅದರ ಮೇಜಿನ ಮೇಲೆ ದೀಪ ಇರಬಾರದೇ? ಮೀನು ತಣ್ಣಗಿದ್ದರೆ ನಡೆದೀತು, ಅದು ತಣ್ಣಗೇ ತಿನ್ನುವಂಥದ್ದು. ಆದರೆ ಕೋಳಿ ಸಾರು ಫ್ರಿಜ್ಜಿನಲ್ಲಿ ಕೊಬ್ಬು ಗಟ್ಟಿ ಕಟ್ಟಿ ಕೂತಿದೆ. ಎರಡನೆಯ ದಿನದ ಅಡುಗೆಯನ್ನು ಮೊದಲ ದಿನ ಮುಟ್ಟುವಂತಿಲ್ಲವಾದ್ದರಿಂದ ಎಲ್ಲವನ್ನೂ ಈಗಲೇ ಬಿಸಿ ಮಾಡಬೇಕಿತ್ತು.

ಯಾರ ಮನೆಯಲ್ಲಿ ಬೆಂಕಿ ಇದ್ದೀತು? ಬ್ಲೂಮಾ ಕಿಟಕಿಗೆ ಹಣೆ ಹಚ್ಚಿ ಬೀದಿ ನೋಡಿದಳು. ಎಲ್ಲ ಮನೆಗಳಲ್ಲೂ ವಿದ್ಯುತ್ ದೀಪಗಳು. ಎದುರಿನ ಮನೆಯಲ್ಲಿ ವಿದ್ಯಾರ್ಥಿಗಳು. ಮೇಲಿನ ಮಹಡಿಯ ಪೋರ್ಚುಗೀಸ್ ಸಂಸಾರದ ಒಲೆ ಗುಂಡಿ ತಿರುಗಿಸಿದರೆ ಹತ್ತಿಕೊಳ್ಳುವಂಥದ್ದು, ಉರಿಯುತ್ತಲೇ ಇರುವಂಥದ್ದಲ್ಲ. ಮಂದಿರಕ್ಕೆ ನಡೆದು ಹೋಗಿ ಬರುವಷ್ಟರಲ್ಲಿ ಅತಿಥಿಗಳೇ ಬಂದಿರುತ್ತಾರೆ.

ಕೆಳಗಿನ ಮನೆ ಉಳಿಯಿತು.

ಕೆಳಗಿನ ಮನೆಯಲ್ಲಿ ಪೆರ್ಲಾ ಎಂಬಾಕೆ ತನ್ನ ತಾಯಿಯೊಂದಿಗೆ ಇದ್ದಳು. ಮೊರಾಕ್ಕೊದ ಯಹೂದಿಗಳು. ಅವರ ಮಂದಿರ ಬೇರೆ, ರಾಗ ಬೇರೆ, ಮಾತಾಡುವುದು ಫ್ರೆಂಚ್. ಅವರು ಬಂದ ಹೊಸತರಲ್ಲಿ, ಪಾಸ್ಕ ಹಬ್ಬದ ವಾರ, ಪೆರ್ಲಾ ಮುಚ್ಚಿದ ಬಟ್ಟಲೊಂದನ್ನು ಹಿಡಿದು ಮೇಲೆ ಬಂದಿದ್ದಳು. "ಏನಿದೆ ಇದರಲ್ಲಿ?" ಎಂದು ಬ್ಲೂಮಾ ಕೇಳಿದ್ದಳು. ಹಸಿಕಾಳಿನ ಸಾರು. ಮೊರಾಕ್ಕೊದವರಿಗೆ ಅದಿಲ್ಲದೆ ಆ ಹಬ್ಬವೇ ಇಲ್ಲ. ಬ್ಲೂಮಾಳ ಕಡೆಯವರಿಗೆ ಆ ವಾರ ಕಾಳು ಮನೆಯೊಳಗೇ ಬರಕೂಡದು. "ನಮ್ಮಲ್ಲಿ ನಡೆಯೋದಿಲ್ಲ" ಎಂದು ಅವಳು ಬಾಗಿಲಲ್ಲೇ ಹೇಳಿದ್ದಳು, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು. ಇಬ್ಬರದೂ ಅವರವರ ಶಾಸ್ತ್ರಕ್ಕೆ ಸರಿಯೇ. ಪೆರ್ಲಾ ಬಟ್ಟಲನ್ನು ವಾಪಸು ಒಯ್ದಳು. ಆಮೇಲೆ ಇಷ್ಟೂ ವರ್ಷ ಬರೀ ತಲೆದೂಗುವ ಪರಿಚಯ.

ಆದರೆ ಕೆಳಗಿನಿಂದ ಬರುವ ಸದ್ದು, ವಾಸನೆಗಳ ಬಗ್ಗೆ ಬ್ಲೂಮಾಳಿಗೆ ಕುತೂಹಲ ಮಾತ್ರ ಹೋಗಲಿಲ್ಲ. ಪ್ರತಿ ಹಬ್ಬದ ಮುನ್ನಾದಿನ ಏನನ್ನೋ ಕುಟ್ಟುವ ಸದ್ದು ನೆಲದಡಿಯಿಂದ ಬರುತ್ತದೆ. ಏನದು? ಸಂಜೆ ಹೊತ್ತು ಚಕ್ಕೆಯ ಘಮದ ಜೊತೆ ಹಣ್ಣು ಬೇಯುವ ವಾಸನೆ. ಯಾವ ಹಣ್ಣು? "ಹೋಗಿ ಕೇಳಬಾರದಾ?" ಎಂದು ಲೇಬ್ ಎಷ್ಟೋ ಸಲ ಅಂದಿದ್ದ. "ಯಾವ ಮುಖ ಇಟ್ಕೊಂಡು ಕೇಳಲಿ?" ಎಂದು ಅವಳು ಅಷ್ಟೇ ಸಲ ಅಂದಿದ್ದಳು.

ಬ್ಲೂಮಾ ಉದ್ದನೆಯ ಹೊಸ ಮೇಣದಬತ್ತಿಯೊಂದನ್ನು ಹಿಡಿದು ಹೊರಗಿನ ಕಬ್ಬಿಣದ ಮೆಟ್ಟಿಲು ಇಳಿದಳು.

ಬಾಗಿಲು ತೆರೆದ ಪೆರ್ಲಾ ಅವಳ ಮುಖವನ್ನೂ ಕೈಯಲ್ಲಿದ್ದ ಬತ್ತಿಯನ್ನೂ ನೋಡಿದಳು.

"ಆರಿಹೋಯ್ತಾ?"

"ಒಂದು ದಿನದ್ದು ತಂದುಬಿಟ್ಟಿದ್ದೆ."

"ಅಯ್ಯೋ, ಅದನ್ನ ಎರಡು ದಿನದ್ದರ ಪಕ್ಕದಲ್ಲೇ ಜೋಡಿಸ್ತಾನೆ ಆ ಅಂಗಡಿ ಮಹಾರಾಯ. ಒಳಗೆ ಬನ್ನಿ ಮದಾಂ, ಗಾಳಿ ಬೀಸ್ತಿದೆ."

ಒಳಗೆ ಮೇಜಿನ ತುದಿಯಲ್ಲಿ ಬೆಳ್ಳಿಕೂದಲಿನ ಮುದುಕಿ ಕೂತಿದ್ದಳು. ತಲೆಗೆ ರೇಷ್ಮೆ ವಸ್ತ್ರ, ಮೊಣಕಾಲ ಮೇಲೆ ಕಂಬಳಿ.

"ಯಾರೇ ಅದು, ಪೆರ್ಲಾ?"

"ಮೇಲಿನ ಮನೆಯೋರು, ಅಮ್ಮ. ಬೆಂಕಿ ಬೇಕಂತೆ."

"ಕೊಡು, ಕೊಡು." ಮುದುಕಿ ಬ್ಲೂಮಾಳನ್ನು ಕಾಲಿನಿಂದ ತಲೆವರೆಗೂ ನೋಡಿದಳು. "ಇಷ್ಟು ವರ್ಷ ಇವರಿಗೆ ಬೆಂಕಿ ಎಲ್ಲಿಂದ ಬರ್ತಿತ್ತು?"

ಬ್ಲೂಮಾಳಿಗೆ ನಗು ಬಂತು, ತಡೆದುಕೊಂಡಳು. ಕಣ್ಣು ಮಾತ್ರ ಮೇಜಿನ ಮೇಲೇ ಇತ್ತು. ಖರ್ಜೂರ, ದಾಳಿಂಬೆ, ಬೇಯಿಸಿದ ಕುಂಬಳದ ಹೋಳು, ಸಣ್ಣ ಬಟ್ಟಲಲ್ಲಿ ಅಲಸಂದೆ ಕಾಳು, ತಟ್ಟೆಯಲ್ಲಿ ಕಣ್ಣು ಬಿಟ್ಟುಕೊಂಡ ಮೀನಿನ ತಲೆ.

"ಇದೆಲ್ಲ ತಿನ್ನೋಕಾ?"

"ಒಂದೊಂದಕ್ಕೂ ಒಂದೊಂದು ಪ್ರಾರ್ಥನೆ" ಎಂದಳು ಪೆರ್ಲಾ. "ಕಾಳಿನ ಹಾಗೆ ನಮ್ಮ ಪುಣ್ಯ ಹೆಚ್ಚಲಿ. ಬಾಲ ಆಗೋದು ಬೇಡ, ತಲೆ ಆಗೋಣ. ನೀವುಗಳು ಸೇಬು, ಜೇನು ಎರಡರಲ್ಲೇ ವರ್ಷಾನ ಮುಗಿಸಿಬಿಡ್ತೀರಂತೆ?"

"ನಮ್ಮ ದೇವರಿಗೆ ಅವಸರ ಜಾಸ್ತಿ."

ಮುದುಕಿ ಕಿಸಕ್ಕನೆ ನಕ್ಕಳು. ಕಾಳು ಎಂದಾಗ ಹಳೆಯ ಬಟ್ಟಲು ಇಬ್ಬರಿಗೂ ನೆನಪಾಗಿರಬೇಕು. ಪೆರ್ಲಾ ಆ ಕಡೆ ನೋಡಲಿಲ್ಲ. ಬ್ಲೂಮಾಳ ಬತ್ತಿಯನ್ನು ತನ್ನ ದೀಪಕ್ಕೆ ಮುಟ್ಟಿಸಿ, ಉರಿಯನ್ನು ಅಂಗೈಯಿಂದ ಮರೆಮಾಡಿ ಅವಳ ಕೈಗಿತ್ತಳು.

ಮೆಟ್ಟಿಲು ಬಳುಕಿ ತಿರುಗುವ ಜಾಗದಲ್ಲಿ ಗಾಳಿ ಕಾದು ನಿಂತಿತ್ತು. ಒಂದೇ ಉಫ್. ಮತ್ತೆ ಅದೇ ಹೊಗೆ, ಅದೇ ವಾಸನೆ. ಬ್ಲೂಮಾ ಕತ್ತಲಲ್ಲಿ ಕಬ್ಬಿಣದ ಕಂಬಿ ಹಿಡಿದು ನಿಂತಳು. ಇನ್ನೊಮ್ಮೆ ಬಾಗಿಲು ತಟ್ಟುವುದು ಮೊದಲ ಸಲಕ್ಕಿಂತ ಕಷ್ಟ ಎನ್ನಿಸಿತು. ಸಾರು ಹೋದರೆ ಹೋಗಲಿ, ಬ್ರೆಡ್ಡು, ಮೀನು, ಸೇಬು ಇದ್ದೇ ಇದೆ, ನಕ್ಕು ಸುಧಾರಿಸೋಣವೇ? ಆಗ ತಿರ್ಜಾಳ ಮಾತು ನೆನಪಾಯಿತು. ಚೆನ್ನಾಗಿದೀರಾ ಅಂತ ಕೇಳ್ತಾರೆ. ತಾನೂ ಕೆಳಮನೆಯವರನ್ನು ಇಷ್ಟು ವರ್ಷ ಅದನ್ನೇ ತಾನೇ ಕೇಳಿದ್ದು, ಅದೂ ತಲೆದೂಗಿ?

ಅವಳು ತಿರುಗಿ ನೋಡಿದರೆ ಪೆರ್ಲಾಳ ಬಾಗಿಲು ತೆರೆದೇ ಇತ್ತು. ಪೆರ್ಲಾ ಹೊಸ್ತಿಲಲ್ಲೇ ನಿಂತಿದ್ದಳು.

"ಗೊತ್ತಿತ್ತು ನಂಗೆ. ಆ ತಿರುವಿನಲ್ಲಿ ನನ್ನ ಛತ್ರಿ ಎರಡು ಸಲ ಮುರಿದಿದೆ. ಬನ್ನಿ, ಅಮ್ಮನ ಹತ್ರ ಕೂತಿರಿ. ನಾನೇ ತರ್ತೀನಿ."

ಬ್ಲೂಮಾ ಮುದುಕಿಯ ಪಕ್ಕ ಕೂತಳು. ಅಡುಗೆಮನೆಯಲ್ಲಿ ಪೆರ್ಲಾ ಪಾತ್ರೆ ಎಳೆದಾಡುವ ಸದ್ದು. ಮುದುಕಿ ಬ್ಲೂಮಾಳ ಕೈಗೆ ಖರ್ಜೂರವೊಂದನ್ನು ತುರುಕಿದಳು. ಕೇಳಲೋ ಬೇಡವೋ ಎಂದು ತೂಗಾಡಿ ಬ್ಲೂಮಾ ಕೇಳಿಯೇಬಿಟ್ಟಳು: "ಹಬ್ಬದ ಮುಂಚೆ ಏನೋ ಕುಟ್ಟುತ್ತೀರಲ್ಲ, ಏನದು?"

"ಮೇಲೆ ಕೇಳಿಸುತ್ತಾ?" ಮುದುಕಿಯ ಕಣ್ಣು ಅರಳಿತು. "ಬಾದಾಮಿ. ನಮ್ಮೂರು ಮೆಕ್ನೆಸ್‌ನಲ್ಲಿ ನಮ್ಮ ಅಕ್ಕಪಕ್ಕದೋರು ಆ ಸದ್ದು ಕೇಳಿ ತಟ್ಟೆ ಹಿಡ್ಕೊಂಡು ಬರ್ತಿದ್ರು. ಇಲ್ಲಿ ಯಾರಿಗೂ ಕಿವಿ ಇಲ್ಲ ಅಂದ್ಕೊಂಡಿದ್ದೆ."

"ನಂಗಿತ್ತು" ಎಂದಳು ಬ್ಲೂಮಾ. "ಕಾಲು ಬರಲಿಲ್ಲ." ಖರ್ಜೂರವನ್ನು ಬೆರಳಲ್ಲಿ ತಿರುಗಿಸುತ್ತ ಅಂದಳು, "ಈಗ ಮೇಲೆ ಊಟಕ್ಕೆ ಬನ್ನಿ, ಇಬ್ಬರೂ."

ಮುದುಕಿ ಕಂಬಳಿಯ ಮೇಲಿಂದ ಮೊಣಕಾಲು ತಟ್ಟಿದಳು. "ಇವು ಮೆಟ್ಟಿಲು ಹತ್ತೋದನ್ನ ಬಿಟ್ಟಿವೆ, ಮಗಳೇ. ಆದ್ರೆ ಅದೇ ಮೆಟ್ಟಿಲಲ್ಲಿ ನೀವು ಇಳೀಬಹುದಲ್ಲ."

"ನಾಳೆ ಮಧ್ಯಾಹ್ನ ಇಳೀತೀವಿ. ಅತಿಥಿಗಳನ್ನೂ ಕರ್ಕೊಂಡು."

"ನಾಳೆ ಬಾದಾಮಿ ಮುಗಿದಿರುತ್ತೆ ಅಂತ ಪೆರ್ಲಾ ಹೇಳ್ತಾಳೆ. ನಂಬಬೇಡ."

ಪೆರ್ಲಾ ಹೊರಗೆ ಬಂದಳು. ಅವಳ ತೋಳಲ್ಲಿ ಕೂಸ್‌ಕೂಸ್ ಎಂಬ ಗೋಧಿ ರವೆಯನ್ನು ಹಬೆಯಲ್ಲಿ ಬೇಯಿಸುವ ಎತ್ತರದ ಪಾತ್ರೆಯಿತ್ತು, ಒಂದರ ಮೇಲೊಂದು ಕೂರುವ ಜೋಡಿ ಪಾತ್ರೆ. ಮೇಲಿನದು ಕೈ ಮೊಳಕೈವರೆಗೆ ಮುಳುಗುವಷ್ಟು ಆಳ. ಅದರ ತಳದಲ್ಲಿ ಮಗುಚಿಟ್ಟ ತಟ್ಟೆ, ತಟ್ಟೆಯ ಮೇಲೆ ಗಾಜಿನ ಲೋಟ, ಲೋಟದಲ್ಲಿ ಉರಿಯುವ ಕುಳ್ಳ ಬತ್ತಿ. ಬಾವಿಯೊಳಗೆ ಇಣುಕಿದಂತೆ ಬ್ಲೂಮಾ ಇಣುಕಿದಳು.

"ಮೇಲಿನದು ಒಂದೇ ಸಾಕಾಗಿತ್ತಲ್ಲ? ಅಡಿಯದ್ದು ಯಾಕೆ ಹೊರ್ತೀರಿ? ಇಲ್ಲಿ ಕೊಡಿ, ಭಾರ ಇದೆ."

"ಬೆಂಕಿ ಅಂದ್ರೆ ಭಾರ ಇರುತ್ತೆ ಮದಾಂ. ನೀವು ಮುಂದೆ ನಡೀರಿ, ಬಾಗಿಲು ತೆಗೀರಿ."

ತಿರುವಿನಲ್ಲಿ ಗಾಳಿ ಬೀಸಿತು. ಪೆರ್ಲಾ ಬೆನ್ನು ಕೊಟ್ಟು ನಿಂತಳು. ಪಾತ್ರೆಯ ಬಾಯಿಂದ ಅವಳ ಗಲ್ಲದ ಮೇಲೆ ಬಿದ್ದಿದ್ದ ಬೆಳಕು ಒಮ್ಮೆ ಬಾಗಿ ಮತ್ತೆ ನೆಟ್ಟಗಾಯಿತು.

ಪೆರ್ಲಾ ಪಾತ್ರೆಯನ್ನು ಒಲೆಯ ಪಕ್ಕ ಇಳಿಸಿದಳು. ಬ್ಲೂಮಾ ಪ್ರಾರ್ಥನೆ ಹೇಳಿ, ಲೋಟದ ಉರಿಯಿಂದ ಉದ್ದನೆಯ ಕಡ್ಡಿಯೊಂದಕ್ಕೆ ಬೆಂಕಿ ಹತ್ತಿಸಿಕೊಂಡು ಮೇಜಿನ ಮೇಲಿನ ದೀಪಗಳನ್ನು ಹಚ್ಚಿದಳು. ಅದೇ ಬೆಂಕಿಯಲ್ಲಿ ಒಲೆ ಹೊತ್ತಿಸಿದಳು. ಕೈಯಲ್ಲಿ ಉಳಿದ ಕಡ್ಡಿಯನ್ನು ಊದಿ ಆರಿಸುವಂತಿಲ್ಲ, ತಾನಾಗಿ ಆರಬೇಕು. ಎಲ್ಲಿಡುವುದೆಂದು ಅವಳು ಹುಡುಕುವ ಮೊದಲೇ ಪೆರ್ಲಾ ತಟ್ಟೆಯೊಂದನ್ನು ಅದರ ಕೆಳಗೆ ಚಾಚಿದ್ದಳು.

ಸಾರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಬ್ಲೂಮಾ ಮುಚ್ಚಳ ತೆಗೆದು ನೋಡಿದಳು. ಕೊಬ್ಬು ಬಿಳಿಯಾಗಿ, ಹೆಪ್ಪುಗಟ್ಟಿದ ಕೊಳದ ಹಾಗಿತ್ತು. ಇದು ಕರಗಿ ಕುದಿಯುವ ಹೊತ್ತಿಗೆ ಅತಿಥಿಗಳು ಆಕಳಿಸುತ್ತಿರುತ್ತಾರೆ. ಅಷ್ಟರಲ್ಲಿ ಕೆಳಗೆ ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ಲೇಬ್‌ನ ದನಿ: "ಹುಷಾರು, ಆ ತಿರುವು ಸ್ವಲ್ಪ ಕಿಲಾಡಿ." ಅವನ ಹಿಂದೆ ತಿರ್ಜಾಳ ದನಿ, ಇನ್ನೂ ಪರಿಚಯವಾಗದ ಮನೆಗೆ ಬರುವವರ ಮೆಲುದನಿ: "ಏನು ಘಮ ಇದು? ಯಾವ ಹಣ್ಣು?"

ಬ್ಲೂಮಾಳೂ ಮೂಗರಳಿಸಿದಳು. ಚಕ್ಕೆ, ಬೇಯಿಸಿದ ಹಣ್ಣು. ವರ್ಷಗಳಿಂದ ನೆಲದಡಿಯಿಂದ ಬರುತ್ತಿದ್ದ ವಾಸನೆ ಈಗ ಮಗ್ಗುಲಲ್ಲೇ ಇತ್ತು. ತಿರುಗಿದಳು.

ಪೆರ್ಲಾ ಮೇಲಿನ ಪಾತ್ರೆಯನ್ನು ದೀಪದ ಸಮೇತ ಎತ್ತಿ ಮೇಜಿನ ಮೇಲೆ ಇಟ್ಟಿದ್ದಳು. ಅಡಿಯ ಪಾತ್ರೆಯಿಂದ ಹಬೆ ಏಳುತ್ತಿತ್ತು. ಕೆಂಪಗೆ ಬೆಂದ ಕುರಿಮಾಂಸದ ತುಂಡುಗಳ ನಡುವೆ ಹೊಂಬಣ್ಣದ ಹಣ್ಣಿನ ಹೋಳುಗಳು. ಪೆರ್ಲಾ ಹಿಡಿಗಳಿಗೆ ಸುತ್ತಿದ್ದ ಬಟ್ಟೆಯನ್ನು ಸರಿಮಾಡಿ, ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ, ಬ್ಲೂಮಾಳ ಮುಂದೆ ಹಿಡಿದಳು.

ಏನಿದೆ ಇದರಲ್ಲಿ ಎಂದು ಬ್ಲೂಮಾ ಕೇಳಲಿಲ್ಲ. ಕೈಗಳನ್ನು ಮುಂದೆ ಚಾಚಿದಳು.